ಕ್ಯಾಲಿಫೋರ್ನಿಯಾ ಡೆತ್ ಸರ್ಟಿಫಿಕೇಟ್: ಕೌಂಟಿಯವರು ‘ರೆಕಾರ್ಡೇ ಇಲ್ಲ’ ಅಂತಿದಾರೆ, ದುಡ್ಡೂ ಹೋಯ್ತು

ತಿಪಟೂರು_ತೆಂಗು:
ಗುರುಗಳೇ ತಲೆ ಕೆಟ್ಟು ಗೊಬ್ಬರ ಆಗಿದೆ. ನಮ್ಮ ದೊಡ್ಡಪ್ಪ ಅಮೆರಿಕದಲ್ಲಿ ತೀರ್ಕೊಂಡ್ರು, ಇಲ್ಲಿ ತೋಟದ ಪಹಣಿ ಇನ್ನೂ ಅವರ ಹೆಸರು ನಮ್ಮಪ್ಪನ ಹೆಸರು ಜಂಟಿಯಾಗೇ ಇದೆ, ಪೌತಿ ಖಾತೆ (ಸತ್ತೋರ ಹೆಸರಿಂದ ವಾರಸುದಾರರ ಹೆಸರಿಗೆ) ಮಾಡ್ಸೋಣ ಅಂತ ಹೋದ್ರೆ ಡೆತ್ ಸರ್ಟಿಫಿಕೇಟ್ ಇಲ್ದೆ ಅರ್ಜಿನೇ ತಗೊಳ್ಳಲ್ಲ ಅಂತಾರೆ. ಸರಿ ಅಂತ ಅಲ್ಲಿರೋ ಫ್ರೆಂಡ್ ಕೈಲಿ ಕೌಂಟಿ (ನಮ್ಮ ಜಿಲ್ಲೆ ಥರ) ಆಫೀಸಿಗೆ ಅಪ್ಲೈ ಮಾಡ್ಸಿದೆ. ಕಾದು ಕಾದು ಬಂದಿದ್ದೇನು ಗೊತ್ತಾ, ‘ಇಂಥ ದಾಖಲೆ ನಮ್ಮಲ್ಲಿಲ್ಲ’ ಅನ್ನೋ ಸರ್ಟಿಫಿಕೇಟು, ಸೀಲು ಸಮೇತ. ಇಲ್ಲ ಅನ್ನೋದಕ್ಕೂ ಸರ್ಟಿಫಿಕೇಟ್ ಕೊಡೋ ದೇಶ ಅದು! ಫೀಸ್ ವಾಪಸ್ ಕೊಡಲ್ವಂತೆ. ಹೆಸರು ಕರೆಕ್ಟಾಗಿ ಕೊಟ್ಟಿದೀನಿ, ಅಡ್ರೆಸ್ ಕರೆಕ್ಟಾಗಿ ಕೊಟ್ಟಿದೀನಿ. ಅಸ್ಥಿ ತಂದು ಶ್ರೀರಂಗಪಟ್ಟಣದಲ್ಲಿ ಬಿಟ್ಟಿದೀವಿ ಸ್ವಾಮಿ, ಸತ್ತಿಲ್ಲ ಅಂದ್ರೆ ಹೆಂಗೆ?

ಇನಿಶಿಯಲ್_ಇಂಜಿನಿಯರ್:
ಓದ್ತಿದ್ದಂಗೇ ಗೊತ್ತಾಯ್ತು. ಹೆಸರಿನ ಪ್ರಾಬ್ಲಮ್, ನೂರಕ್ಕೆ ನೂರು. ನಮ್ಮೋರಿಗೆ ಸರ್‌ನೇಮ್ ಇಲ್ಲ, ಅವರಿಗೆ ಸರ್‌ನೇಮ್ ಇಲ್ದೆ ಇಂಡೆಕ್ಸೇ ಇಲ್ಲ. ಹೆಚ್.ಎಸ್. ಮಂಜುನಾಥ ಅಂತ ಒಬ್ಬ ಇದಾನೆ ಅನ್ಕೊಳ್ಳಿ, ಊರು ಹೊಸಹಳ್ಳಿ, ಅಪ್ಪ ಸಿದ್ದಪ್ಪ. ಪಾಸ್‌ಪೋರ್ಟಲ್ಲಿ ಇನಿಶಿಯಲ್ ಬಿಡಿಸಿದಾಗ ಲಾಸ್ಟ್ ನೇಮ್ ಹೊಸಹಳ್ಳಿ ಆಗ್ಬಹುದು, ಸಿದ್ದಪ್ಪ ಆಗ್ಬಹುದು, ಮಂಜುನಾಥನೇ ಆಗ್ಬಹುದು. ಒಂದೇ ಹೆಸರಿದ್ರೆ ವೀಸಾದಲ್ಲಿ ಫಸ್ಟ್ ನೇಮ್ ಜಾಗಕ್ಕೆ ಎಫ್‌ಎನ್‌ಯು ಅಂತ, ಅಂದ್ರೆ ‘ಫಸ್ಟ್ ನೇಮ್ ಗೊತ್ತಿಲ್ಲ’ ಅಂತ ಹೊಡೀತಾರೆ, ಅದನ್ನೇ ಹೆಸರು ಅನ್ಕೊಂಡು ಬರ್ಕೊಂಡಿರೋರೂ ಇದಾರೆ. ಎಲ್ಲಾ ಕಾಂಬಿನೇಷನ್ ಹಾಕಿ ಮತ್ತೆ ಅಪ್ಲೈ ಮಾಡಿ.

ತಿಪಟೂರು_ತೆಂಗು:
ಇಲ್ಲ ಸರ್, ಪಾಸ್‌ಪೋರ್ಟ್ ಕಾಪಿ ನೋಡ್ಕೊಂಡೇ ಫಾರಂ ತುಂಬಿದ್ದು.

ಇನಿಶಿಯಲ್_ಇಂಜಿನಿಯರ್:
ಪಾಸ್‌ಪೋರ್ಟ್ ನಂಬ್ಬೇಡಿ. ಡೆತ್ ಸರ್ಟಿಫಿಕೇಟ್‌ಗೆ ಹೆಸರು ಹೇಳೋದು ಸತ್ತೋರಲ್ಲ, ಮನೆಯವರು. ಫ್ಯೂನರಲ್ ಹೋಮ್‌ನೋರು ಕಿವಿಗೆ ಬಿದ್ದಂಗೆ ಬರ್ಕೋತಾರೆ. ದ-ಕಾರ ಡಿನೋ ಡಿಎಚ್ಚೋ, ತ-ಕಾರ ಟಿನೋ ಟಿಎಚ್ಚೋ, ಕೊನೇಲಿ ಎ ಇದೆಯೋ ಇಲ್ವೋ, ಇಷ್ಟರಲ್ಲೇ ಎಷ್ಟು ಕಾಂಬಿನೇಷನ್ ಆಯ್ತು ನೋಡಿ.

ಎಡಿಸನ್_ಎಂಕ:
ಅಲ್ಲಾ ಕೌಂಟಿಗ್ಯಾಕೆ ಹೋದ್ರಿ? ನಮ್ಮ ನ್ಯೂಜೆರ್ಸಿಯಲ್ಲಿ ಟೌನ್‌ಶಿಪ್ ರಿಜಿಸ್ಟ್ರಾರ್ ಹತ್ರ ಹೋಗ್ತೀವಿ, ಕೌಂಟಿ ಇದನ್ನ ಮುಟ್ಟೋದೇ ಇಲ್ಲ.

ಹೇವರ್ಡ್_ಹನುಮ:
ಎಂಕಣ್ಣ, ಅವರು ಹೇಳ್ತಿರೋದು ಕ್ಯಾಲಿಫೋರ್ನಿಯಾ. ಇಲ್ಲಿ ಕೌಂಟಿನೇ. ಟೈಟಲ್ ಓದಿ. ತೆಂಗಣ್ಣ, ಮೂರು ವಿಷಯ ಬರೆದೇ ಇಲ್ಲ ನೀವು: ಯಾವ ವರ್ಷ ತೀರ್ಕೊಂಡ್ರು, ಯಾವ ಕೌಂಟಿಗೆ ಹಾಕಿದ್ರಿ, ಪ್ರಾಣ ಹೋಗಿದ್ದು ಎಲ್ಲಿ. ಮನೆ ಎಲ್ಲಿತ್ತು ಅಂತಲ್ಲ, ಪ್ರಾಣ ಹೋಗಿದ್ದು ಎಲ್ಲಿ.

ಎಡಿಸನ್_ಎಂಕ:
ಟೈಟಲ್ ಓದಿದೀನಪ್ಪ. ಕೌಂಟಿ ಅಂದ್ರೆ ಎಲ್ಲಾ ಕಡೆ ಒಂದೇ ಅನ್ಕೋಬಾರ್ದು ಅಂತ ಹೇಳಿದ್ದು. ನ್ಯೂಯಾರ್ಕ್ ಸಿಟಿಯಲ್ಲಿ ಐದು ‘ಬರೋ’ (ನಗರದ ವಿಭಾಗ) ಅಂದ್ರೆ ಐದು ಕೌಂಟಿ, ಆದ್ರೂ ಡೆತ್ ರೆಕಾರ್ಡ್ ಸಿಟಿ ಹೆಲ್ತ್ ಡಿಪಾರ್ಟ್‌ಮೆಂಟ್‌ದು. ಲೂಸಿಯಾನದಲ್ಲಿ ಕೌಂಟಿನೇ ಇಲ್ಲ, ಪ್ಯಾರಿಷ್.

ಡಲ್ಲಾಸ್_ದ್ಯಾವ:
ನಮ್ಮ ಟೆಕ್ಸಸ್‌ನಾಗ ಕೌಂಟಿ ಕ್ಲರ್ಕ್ ಕೊಡ್ತಾರ್ರೀ, ಆದ್ರ 25 ವರ್ಷ ಆಗೂಮಟ ಹತ್ರದ ಸಂಬಂಧದವ್ರಿಗಷ್ಟ. ಆಮ್ಯಾಲ ಯಾರ್ ಬೇಕಾದ್ರೂ ತಗೋಬಹುದು.

ಎಡಿಸನ್_ಎಂಕ:
ಟೆಕ್ಸಸ್ ಯಾರು ಕೇಳಿದ್ರು ಇಲ್ಲಿ

ಡಲ್ಲಾಸ್_ದ್ಯಾವ:
ನ್ಯೂಜೆರ್ಸಿ ಯಾರ್ ಕೇಳಿದ್ರು?

ತಿಪಟೂರು_ತೆಂಗು:
ಜಗಳ ಆಡ್ಬೇಡಿ ಪ್ಲೀಸ್. ವರ್ಷ 1991. ಮನೆ ಇದ್ದ ಕೌಂಟಿಗೇ ಹಾಕಿದ್ದು, ಬೇ ಏರಿಯಾ. ಸತ್ತಿದ್ದು ಆಸ್ಪತ್ರೆಲಿ. ಅದರಲ್ಲೇನಿದೆ, ಎಲ್ಲಾ ಅಲ್ಲೇ ಅಕ್ಕಪಕ್ಕ ತಾನೆ.

ಹೇವರ್ಡ್_ಹನುಮ:
ಅಲ್ಲೇ ಇರೋದು ಎಡವಟ್ಟು. ಫ್ರೀಮಾಂಟ್ ಅಲಮೀಡಾ ಕೌಂಟಿ. ಡಂಬಾರ್ಟನ್ ಬ್ರಿಜ್ ದಾಟಿದ್ರೆ ಸ್ಯಾನ್ ಮಟೇಯೊ ಕೌಂಟಿ. ಅಲ್ಲಿಂದ ಇನ್ನೊಂಚೂರು ಹೋದ್ರೆ ಪಾಲೊ ಆಲ್ಟೊ, ಅದು ಸಾಂಟಾ ಕ್ಲಾರಾ ಕೌಂಟಿ. ಟ್ರಾಫಿಕ್ ಇಲ್ದಿದ್ರೆ ಅರ್ಧ ಗಂಟೆಲಿ ಮೂರು ಕೌಂಟಿ. ರಿಜಿಸ್ಟರ್ ಆಗೋದು ಪ್ರಾಣ ಹೋದ ಕೌಂಟಿಯಲ್ಲಿ. ದೊಡ್ಡ ಆಸ್ಪತ್ರೆಗೆ ಶಿಫ್ಟ್ ಮಾಡಿದ್ರೆ ಮನೆ ಕೌಂಟಿಯ ರೆಕಾರ್ಡರ್ (ದಾಖಲೆ ಇಡೋ ಅಧಿಕಾರಿ) ಪುಸ್ತಕದಲ್ಲಿ ಅವರ ಹೆಸರೇ ಇರಲ್ಲ. ಅವರು ಬೇರೆ ಕೌಂಟಿಗೆ ಫಾರ್ವರ್ಡ್ ಮಾಡೋದೂ ಇಲ್ಲ, ಹುಡುಕಿದ್ದಕ್ಕೆ ಫೀಸ್ ಇಟ್ಕೊಂಡು ‘ಇಲ್ಲ’ ಅಂತ ಕಾಗದ ಕೊಡ್ತಾರೆ, ಕಾನೂನೇ ಹಂಗಿದೆ.

ಮತ್ತೆ ದುಡ್ಡು ಕಟ್ಟೋಕ್ ಮುಂಚೆ ಇದೊಂದು ಮಾಡಿ. ಕ್ಯಾಲಿಫೋರ್ನಿಯಾ ಡೆತ್ ಇಂಡೆಕ್ಸ್ ಅಂತ ಇದೆ, 1940ರಿಂದ 1997ರವರೆಗೂ, ವಂಶಾವಳಿ ಹುಡುಕೋ ವೆಬ್‌ಸೈಟ್ ಫ್ಯಾಮಿಲಿಸರ್ಚ್‌ನಲ್ಲಿ ಫ್ರೀ. ಲಾಸ್ಟ್ ನೇಮ್ ಖಾಲಿ ಬಿಟ್ಟು, ಫಸ್ಟ್ ನೇಮು ಹುಟ್ಟಿದ ವರ್ಷ ಸತ್ತ ವರ್ಷ ಹಾಕಿ. ಸಿಕ್ಕರೆ ಕೌಂಟಿ ಹೆಸರು ಅದರಲ್ಲೇ ಇರುತ್ತೆ. ತಾಯಿಯ ತವರಿನ ಸರ್‌ನೇಮ್ ಅಂತ ಒಂದು ಕಾಲಂ ಬರುತ್ತೆ, ಅದನ್ನ ಮುಟ್ಟಲೇಬೇಡಿ, ನಮ್ಮೋರ ಎಂಟ್ರಿಲಿ ಅಲ್ಲಿ ಅಜ್ಜಿ ಹೆಸರೂ ಇರಬಹುದು, ಊರ ಹೆಸರೂ ಇರಬಹುದು, ಇನ್ನೇನೋ ಇರಬಹುದು. ಅದರಲ್ಲೂ ಸಿಗ್ಲಿಲ್ಲ ಅಂದ್ರೆ ಸ್ಯಾಕ್ರಮೆಂಟೊದ ಸ್ಟೇಟ್ ಆಫೀಸಿಗೆ ಬರೀಬೇಕು, ಅಲ್ಲಿ 1905ರ ಜುಲೈಯಿಂದ ಈಚೆಗೆ ಎಲ್ಲಾ ಕೌಂಟಿದೂ ಇದೆ. ನಿಧಾನ, ಆದ್ರೆ ಕೌಂಟಿ ಗೊತ್ತಿಲ್ದೆ ಇರೋರಿಗೆ ಅದೇ ಗತಿ.

ಇನಿಶಿಯಲ್_ಇಂಜಿನಿಯರ್:
ಇಂಡೆಕ್ಸಲ್ಲೂ ಸ್ಪೆಲಿಂಗ್ ತಪ್ಪಿರುತ್ತೆ. ನಾನು ನಮ್ಮ ಮನೆತನದ್ದು ಒಂಬತ್ತು ತಲೆಮಾರನ್ನ ವಂಶವೃಕ್ಷದ ಸಾಫ್ಟ್‌ವೇರ್ ಗ್ರಾಂಪ್ಸ್‌ನಲ್ಲಿ ಹಾಕಿದೀನಿ, ಒಬ್ಬೊಬ್ಬರಿಗೂ ಆಲ್ಟರ್ನೇಟ್ ನೇಮ್ ಫೀಲ್ಡ್ ತುಂಬಿದೀನಿ. ಬೇಕಂದ್ರೆ ಸ್ಕ್ರೀನ್‌ಶಾಟ್ ಹಾಕ್ತೀನಿ.

ತಿಪಟೂರು_ತೆಂಗು:
ಸಿಕ್ತು!! ಬೇರೆ ಕೌಂಟಿ. ಹೆಸರು ಪಾಸ್‌ಪೋರ್ಟಲ್ಲಿ ಇದ್ದಂಗೇ ಇದೆ, ಒಂದಕ್ಷರ ಆಚೀಚೆ ಇಲ್ಲ. ಹನುಮಣ್ಣ ಕೈ ಮುಗೀತೀನಿ. ಈಗ ಫ್ರೆಂಡ್‌ಗೆ ಹೇಳಿ ಅಲ್ಲಿ ಹಾಕ್ಸಿಬಿಡ್ಲಾ?

ಇನಿಶಿಯಲ್_ಇಂಜಿನಿಯರ್:
ಅದು ಇಂಡೆಕ್ಸ್. ಒರಿಜಿನಲ್‌ನಲ್ಲಿ ಬೇರೆ ಇರುತ್ತೆ ನೋಡ್ತಿರಿ.

ಹೇವರ್ಡ್_ಹನುಮ:
ತಡ್ಕೊಳ್ಳಿ. ಇಲ್ಲಿ ಎರಡು ಥರ ಕಾಪಿ. ಒಂದು ಆಥರೈಸ್ಡ್, ಇನ್ನೊಂದು ಇನ್ಫರ್ಮೇಷನಲ್. ಎರಡನೇದನ್ನ ದಾರೀಲಿ ಹೋಗೋರು ಕೇಳಿದ್ರೂ ಕೊಡ್ತಾರೆ, ಆದ್ರೆ ಮಾಹಿತಿಗೆ ಮಾತ್ರ, ಗುರುತಿನ ಪುರಾವೆಗೆ ಆಗಲ್ಲ ಅಂತ ಅದರ ಮೇಲೇ ಪ್ರಿಂಟ್ ಆಗಿರುತ್ತೆ. ಅದನ್ನ ನಿಮ್ಮ ತಾಲ್ಲೂಕು ಆಫೀಸಲ್ಲಿ ಕೊಟ್ಟು ನೋಡಿ, ಬೇರೇನೂ ಇಂಗ್ಲಿಷ್ ಓದದೇ ಇರೋ ಗುಮಾಸ್ತರು ಅದೊಂದು ಲೈನ್ ಓದೇ ಓದ್ತಾರೆ. ಆಥರೈಸ್ಡ್ ಬೇಕಂದ್ರೆ ಗಂಡ-ಹೆಂಡತಿ, ಅಪ್ಪ-ಅಮ್ಮ, ಮಕ್ಕಳು, ಮೊಮ್ಮಕ್ಕಳು, ಒಡಹುಟ್ಟಿದೋರು, ಇಂಥೋರಾಗಿರಬೇಕು. ತಮ್ಮನ ಮಗ ಆ ಲಿಸ್ಟಲ್ಲಿಲ್ಲ, ಫ್ರೆಂಡ್ ಅಂತೂ ಇಲ್ವೇ ಇಲ್ಲ. ಪೋಸ್ಟಲ್ಲಿ ಕಳಿಸಿದ್ರೆ ಪ್ರಮಾಣಪತ್ರಕ್ಕೆ ನೋಟರಿ ಮಾಡಿಸ್ಬೇಕು. ನಿಮ್ಮ ತಂದೆ ಇದಾರಾ? ದೊಡ್ಡಪ್ಪನಿಗೆ ಮಕ್ಕಳು?

ತಿಪಟೂರು_ತೆಂಗು:
ತಂದೆ ಇದಾರೆ. ದೊಡ್ಡಪ್ಪನ ಮಗಳು ಒಬ್ಬಳು ಅಲ್ಲೇ ಇದಾಳೆ, ಮಾತುಕತೆ ಇಲ್ಲ. ಅವಳಿಗೆ ಇಲ್ಲಿ ತೋಟ ಇದೆ ಅಂತಾನೇ ಗೊತ್ತಿಲ್ಲ ಅನ್ಸುತ್ತೆ.

ಪಹಣಿ_ಪರಮೇಶಿ:
ಸುಮ್ನೆ ಓದ್ತಾ ಕೂತಿದ್ದೆ, ಈಗ ಬಾಯಿ ಬಿಡ್ತೀನಿ. ಮಗಳಿದ್ದಾಳೆ ಅನ್ನೋದನ್ನ ಇಷ್ಟು ಹೊತ್ತಿಗೆ ಹೇಳ್ತಿದೀರಾ? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗಳು ಮೊದಲನೇ ವರ್ಗದ ವಾರಸುದಾರಳು, ತಮ್ಮ ಎರಡನೇ ವರ್ಗ. ಮೊದಲನೇ ವರ್ಗದಲ್ಲಿ ಒಬ್ಬರಿದ್ರೂ ಎರಡನೇ ವರ್ಗದವರಿಗೆ ಆ ಪಾಲಿಂದ ಬಿಡಿಗಾಸು ಬರಲ್ಲ. ಪೌತಿ ಅರ್ಜಿ ಜೊತೆ ವಂಶವೃಕ್ಷ ಕೊಡ್ತೀರಲ್ಲ, ಅದರಲ್ಲಿ ಅವಳ ಹೆಸರಿರಬೇಕು. ಬಿಟ್ಟು ಕೊಟ್ರೆ ನಾಳೆ ಅಸಿಸ್ಟೆಂಟ್ ಕಮಿಷನರ್ ಹತ್ರ ಅಪೀಲು, ಮ್ಯುಟೇಷನ್ (ಖಾತೆ ಬದಲಾವಣೆ) ರದ್ದು, ಸಿವಿಲ್ ಕೋರ್ಟು, ನಿಮ್ಮ ಮೊಮ್ಮಕ್ಕಳವರೆಗೂ ನಡೆಯುತ್ತೆ.

ತಿಪಟೂರು_ತೆಂಗು:
ನಾನು ಕೇಳಿದ್ದು ಕಾಗದದ ವಿಷಯ, ಆಸ್ತಿ ಪಂಚಾಯ್ತಿ ಅಲ್ಲ. ಮೂವತ್ತು ವರ್ಷದಿಂದ ಆ ತೋಟಕ್ಕೆ ನೀರು ಬಿಟ್ಟಿರೋದು ನಮ್ಮಪ್ಪ. ನುಸಿ ರೋಗ ಬಂದು ಮರ ಒಣಗಿದಾಗ ಅಮೆರಿಕದಿಂದ ಯಾರೂ ಬಂದಿರ್ಲಿಲ್ಲ.

ಪಹಣಿ_ಪರಮೇಶಿ:
ನೀರು ಬಿಟ್ಟಿದ್ದು ಬೇರೆ, ವಾರಸುದಾರಿಕೆ ಬೇರೆ. ಅವಳು ಒಪ್ಪಿದ್ರೆ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಸ್ಕೊಳ್ಳಿ, ಅದಕ್ಕೂ ಅವಳ ಸಹಿ ಬೇಕು.

ಹೇವರ್ಡ್_ಹನುಮ:
ಕಾಗದದ ವಿಷಯಕ್ಕೇ ಬಂದ್ರೂ ಸುಲಭದ ದಾರಿ ಅವಳೇ. ಮಗಳು ಅಂದ್ರೆ ಆಥರೈಸ್ಡ್ ಕಾಪಿ ತಕರಾರಿಲ್ದೆ ಸಿಗುತ್ತೆ, ಇಲ್ಲೇ ಲೋಕಲ್ ನೋಟರಿ. ತಂದೆಯವರ ಹೆಸರಲ್ಲಿ ಹಾಕೋದಾದ್ರೆ ಇಂಡಿಯಾದಲ್ಲಿ ಮಾಡಿಸಿದ ನೋಟರಿ ನಡೆಯುತ್ತಾ ಅಂತ ಆ ಕೌಂಟಿಗೆ ಮೊದಲೇ ಮೇಲ್ ಹಾಕಿ ಕೇಳ್ಕೊಳ್ಳಿ. ಯಾರೇ ತಗೊಂಡ್ರೂ ಆಮೇಲೆ ಅಪಾಸ್ಟಿಲ್ (ಬೇರೆ ದೇಶದಲ್ಲೂ ನಡೆಯೋ ಹಂಗೆ ದಾಖಲೆ ಅಸಲಿ ಅಂತ ಹಾಕೋ ದೃಢೀಕರಣ) ಬೇಕು, ಕ್ಯಾಲಿಫೋರ್ನಿಯಾ ಸೆಕ್ರೆಟರಿ ಆಫ್ ಸ್ಟೇಟ್ ಹಾಕ್ತಾರೆ, 20 ಡಾಲರ್. ಇಂಡಿಯಾ 2005ರಲ್ಲೇ ಆ ಒಪ್ಪಂದಕ್ಕೆ ಸೇರಿದೆ, ಹಾಗಾಗಿ ಕಾನ್ಸುಲೇಟ್ ಅಟೆಸ್ಟೇಷನ್ ಅಂತ ಯಾರಾದ್ರೂ ಏಜೆಂಟ್ ದುಡ್ಡು ಕೇಳಿದ್ರೆ ಕೊಡ್ಬೇಡಿ. ಕಾಪಿ ಮೇಲೆ ಕೌಂಟಿ ರೆಕಾರ್ಡರ್ ಸಹಿ ಇದೆಯಾ ನೋಡಿ, ಹೆಲ್ತ್ ಆಫೀಸರ್ ಸಹಿ ಇದ್ರೆ ನೇರ ಅಪಾಸ್ಟಿಲ್ ಆಗಲ್ಲ. 1991ರದ್ದು ರೆಕಾರ್ಡರ್ ಹತ್ರಾನೇ ಇರೋದು, ನಿಮಗೆ ಆ ತೊಂದ್ರೆ ಬರಲ್ಲ.

ಎಡಿಸನ್_ಎಂಕ:
ಇದೆಲ್ಲಾ ಬಿಟ್ಟು ಇಲ್ಲೇ ಗ್ರಾಮ ಪಂಚಾಯ್ತಿಲಿ ಲೇಟ್ ರಿಜಿಸ್ಟ್ರೇಷನ್ ಮಾಡ್ಸಿದ್ರಾಯ್ತಲ್ಲ?

ಪಹಣಿ_ಪರಮೇಶಿ:
ಆಗಲ್ಲ ಸ್ವಾಮಿ. 1969ರ ಕಾಯ್ದೆ ಪ್ರಕಾರವೂ ಎಲ್ಲಿ ಸತ್ತರೋ ಅಲ್ಲೇ ನೋಂದಣಿ. ಕ್ಯಾಲಿಫೋರ್ನಿಯಾದಲ್ಲಿ ಹೋದೋರನ್ನ ತಿಪಟೂರಲ್ಲಿ ಸಾಯ್ಸಿದ್ರೆ ಸುಳ್ಳು ದಾಖಲೆ ಕೇಸು.

ಇನಿಶಿಯಲ್_ಇಂಜಿನಿಯರ್:
ವಂಶವೃಕ್ಷದ ಮಾತು ಬಂತಲ್ಲ, ನಾನು ನಮ್ಮಜ್ಜನ ಕಾಲದ ಕೈಬರಹದ ವಂಶವೃಕ್ಷನ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಟಿಫ್ ಫೈಲ್ ಇಟ್ಕೊಂಡಿದೀನಿ, ಎರಡು ಹಾರ್ಡ್ ಡಿಸ್ಕು, ಒಂದು ಮೈಸೂರಲ್ಲಿ ಒಂದು ಇಲ್ಲಿ.

ಡಲ್ಲಾಸ್_ದ್ಯಾವ:
ಹಳೀ ಕಾಗದ ಫ್ಲಾಟ್‌ಬೆಡ್‌ಗೆ ಹಾಕಿ ಯಾಕ ಒತ್ತತೀರಿ, ಮಡಿಕಿ ಹರೀತಾವ. ಕ್ಯಾಮೆರಾ ಸ್ಟ್ಯಾಂಡ್ ಮ್ಯಾಲ ಇಟ್ಟು ಎರಡೂ ಕಡೆ ಲೈಟ್ ಕೊಟ್ಟು ಫೋಟೋ ಹೊಡೀರಿ. ನಾ ಎಲ್ಲಾ ಹಂಗ ಮಾಡೇನಿ.

ಇನಿಶಿಯಲ್_ಇಂಜಿನಿಯರ್:
ಯಾವ ಲೆನ್ಸ್?

ಅಜ್ಜಿಮನೆ_ಅನು:
ಮಧ್ಯೆ ಬಾಯಿ ಹಾಕ್ತಿರೋದಕ್ಕೆ ಕ್ಷಮಿಸಿ, ನನ್ನದೂ ಇಂಥದ್ದೇ ಕೇಸು, ಚಿಕಾಗೋದ ಕುಕ್ ಕೌಂಟಿ, 1998. ಸರ್ಕಾರಿ ಕೆಲಸಕ್ಕಲ್ಲ, ಫ್ಯಾಮಿಲಿ ಟ್ರೀಗೆ ತಾರೀಖು ಬೇಕು ಅಷ್ಟೇ.

ಹೇವರ್ಡ್_ಹನುಮ:
ಇಲಿನಾಯ್‌ನಲ್ಲಿ 20 ವರ್ಷ ಕಳೆದ ಸಾವಿನ ದಾಖಲೆಗೆ ವಂಶಾವಳಿ ಕಾಪಿ ಅಂತಾನೇ ಬೇರೆ ಕೊಡ್ತಾರೆ, ಸಂಬಂಧ ಸಾಬೀತು ಮಾಡೋದು ಬೇಕಿಲ್ಲ, ನಿಮಗೆ ಅದು ಸಾಕು. ಬೇರೆ ಥ್ರೆಡ್ ಶುರು ಮಾಡಿ, ಇದ್ರಲ್ಲಿ ಕಳೆದು ಹೋಗುತ್ತೆ. ಊರು, ಆಸ್ಪತ್ರೆ, ಸಂಬಂಧ ಎಲ್ಲಾ ಮೊದಲನೇ ಪೋಸ್ಟಲ್ಲೇ ಬರೀರಿ.

ಡಲ್ಲಾಸ್_ದ್ಯಾವ:
50 ಎಂಎಂ ಮ್ಯಾಕ್ರೋ. ಫೋಟೋ ಹಾಕ್ತೀನಿ ತಡೀರಿ.