ಶಾಲೆ ಮುಂದಿನ ರಸ್ತೆಗೆ ಹಂಪ್ ಕೇಳೋಣವೇ? ಬೀದಿ ವಿನ್ಯಾಸದ ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ನಾನು ಸಿವಿಲ್ ಇಂಜಿನಿಯರ್. ಬೆಂಗಳೂರಿನಲ್ಲಿ ಬೀದಿಗಳ ವಿನ್ಯಾಸ ಮಾಡುವುದೇ ನನ್ನ ಕೆಲಸ. ಕಳೆದ ವಾರ ಗುಂಪಿನಲ್ಲಿ ರಸ್ತೆ ದಾಟುವ ಕಷ್ಟದ ಬಗ್ಗೆ ಮಾತು ಬಂದಾಗ ಅಡ್ಮಿನ್ ಸರ್ ಉತ್ತರಿಸಲು ಹೇಳಿದ್ದರು. ಪ್ರಶ್ನೆಗಳು ಬಂದ ಹಾಗೆ ಬರೆಯುತ್ತಾ ಹೋಗುತ್ತೇನೆ.

ಪ್ರಶ್ನೆ (ಶಾಲಾ ಮಗುವಿನ ತಾಯಿ): ಸರ್, ನಮ್ಮ ಮಗಳ ಶಾಲೆ 60 ಅಡಿ ರಸ್ತೆಯಲ್ಲಿದೆ. ಹೋದ ವರ್ಷ ಫುಟ್‌ಪಾತ್ ಕತ್ತರಿಸಿ ರಸ್ತೆ ಅಗಲ ಮಾಡಿ ಡಾಂಬರು ಹಾಕಿದ್ರು. ಅವತ್ತಿಂದ ಗಾಡಿಗಳು ಬರೋ ಸ್ಪೀಡ್ ನೋಡಿದ್ರೆ ಎದೆ ಝಲ್ ಅನ್ನುತ್ತೆ. 'ನಿಧಾನವಾಗಿ ಚಲಿಸಿ' ಬೋರ್ಡ್ ಇದೆ, ಜೀಬ್ರಾ ಪಟ್ಟೆ ಇದೆ, ಯಾರೂ ನಿಲ್ಲಿಸಲ್ಲ. ಹಂಪ್ ಹಾಕಿಸಿ ಅಂತ ಅರ್ಜಿ ಬರೀತಿದ್ದೀವಿ. ಸರಿನಾ?

ಉತ್ತರ: ಮೇಡಂ, ಅರ್ಜಿ ಖಂಡಿತ ಕೊಡಿ. ಆದರೆ ಬರೀ ಹಂಪ್ ಅಂತ ಬರೆಯಬೇಡಿ. ಹಾಗೆ ಬರೆದರೆ ಒಂದು ರಾತ್ರಿ ಬಂದು ಮೊಣಕಾಲೆತ್ತರದ ಡಾಂಬರಿನ ಗುಡ್ಡೆ ಸುರಿದು ಹೋಗುತ್ತಾರೆ. ಅದಕ್ಕೆ ಬಣ್ಣ ಬಳಿಯುವುದಿಲ್ಲ, ಮುಂಚಿತವಾಗಿ ಬೋರ್ಡ್ ಇರುವುದಿಲ್ಲ. ಮಳೆಯಲ್ಲಿ, ಕತ್ತಲಲ್ಲಿ ಬೈಕ್ ಸವಾರರು ಅದರ ಮೇಲೇ ಬೀಳುತ್ತಾರೆ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ ಬೇರೆಯೇ: ಎತ್ತರ 10 ಸೆಂಟಿಮೀಟರ್, ಗಾಡಿ ಸಾಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್, ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ಹತ್ತಿ ಇಳಿಯುವಂಥ ಉಬ್ಬು.

ನಿಮ್ಮ ಶಾಲೆಗೆ ಅದಕ್ಕಿಂತ ಒಳ್ಳೆಯದು ಟೇಬಲ್‌ಟಾಪ್ ಕ್ರಾಸಿಂಗ್. ಅಂದರೆ ಜೀಬ್ರಾ ಪಟ್ಟೆ ಇರುವ ಜಾಗವನ್ನೇ ಫುಟ್‌ಪಾತ್ ಮಟ್ಟಕ್ಕೆ ಎತ್ತುವುದು. ಆಗ ಮಗು ರಸ್ತೆಗೆ ಇಳಿಯುವುದಿಲ್ಲ, ಗಾಡಿಯೇ ಮಗು ನಡೆಯುವ ಮಟ್ಟಕ್ಕೆ ಹತ್ತಿ ಬರಬೇಕು. ಬೋರ್ಡ್ ಓದದವನಿಗೂ ಟೈರಿನಡಿಯ ಇಳಿಜಾರು ಅರ್ಥವಾಗುತ್ತದೆ.

ವೇಗದ ಬಗ್ಗೆ ಒಂದು ಲೆಕ್ಕ ಹೇಳಿಬಿಡುತ್ತೇನೆ. ಒಣ ರಸ್ತೆ, ಒಳ್ಳೆಯ ಬ್ರೇಕು ಅಂತ ಇಟ್ಟುಕೊಳ್ಳಿ. ಮಗು ಅಡ್ಡ ಬಂದದ್ದನ್ನು ನೋಡಿ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕು. 30 ಕಿಲೋಮೀಟರ್ ವೇಗದಲ್ಲಿರುವ ಕಾರು ಸುಮಾರು 13 ಮೀಟರಿನಲ್ಲಿ ಪೂರ್ತಿ ನಿಲ್ಲುತ್ತದೆ. 50ರಲ್ಲಿ ಬರುವ ಕಾರಿಗೆ ಸುಮಾರು 28 ಮೀಟರ್ ಬೇಕು. ಮೊದಲ ಕಾರು ನಿಂತ ಜಾಗದಲ್ಲಿ ಎರಡನೆಯ ಕಾರಿನ ಡ್ರೈವರ್ ಇನ್ನೂ ಬ್ರೇಕ್ ಒತ್ತಿರುವುದೇ ಇಲ್ಲ, ಗಾಡಿ 50ರಲ್ಲೇ ಇರುತ್ತದೆ. ಆ ಡ್ರೈವರ್ ಕೆಟ್ಟವನೇನಲ್ಲ. ನೇರವಾದ, ಅಗಲವಾದ, ಖಾಲಿ ಡಾಂಬರು ಅವನಿಗೆ 'ಹೋಗು' ಅಂದಿತು, ಹೋದ. ರಸ್ತೆ ಒಂದು ಹೇಳಿ ಬೋರ್ಡು ಇನ್ನೊಂದು ಹೇಳಿದರೆ ಜನ ಕೇಳುವುದು ರಸ್ತೆಯ ಮಾತನ್ನೇ.

ಈಗ ನಿಮ್ಮ ರಸ್ತೆಯ ಅಗಲ ನೋಡೋಣ. 60 ಅಡಿ ಅಂದರೆ 18 ಮೀಟರ್. ಎರಡೂ ಕಡೆಯ ವಾಹನಗಳಿಗೆ ಸೇರಿ 7 ಮೀಟರ್ ಸಾಕು, ಬಸ್ಸೂ ಹೋಗುತ್ತದೆ. ಒಂದು ಬದಿ ಪಾರ್ಕಿಂಗ್‌ಗೆ 2 ಮೀಟರ್ ಕೊಟ್ಟರೂ ಮರ, ಕಂಬ, ಫುಟ್‌ಪಾತ್‌ಗೆ ಇನ್ನೂ 9 ಮೀಟರ್ ಉಳಿಯುತ್ತದೆ. ಈಗ ನಿಮ್ಮ ಮಗಳು ದಾಟುತ್ತಿರುವುದು ಹೆಚ್ಚುಕಡಿಮೆ 14 ಮೀಟರ್ ಇರಬೇಕು. ಸೆಕೆಂಡಿಗೆ 1.2 ಮೀಟರ್ ನಡಿಗೆ ಅಂದರೆ 12 ಸೆಕೆಂಡ್. 7 ಮೀಟರಾದರೆ 6 ಸೆಕೆಂಡ್. ಮಂಡಿ ನೋವಿರುವ ಅಜ್ಜಿಗೆ ಇನ್ನೂ ಹೆಚ್ಚು ಹೊತ್ತು ಬೇಕು ಅನ್ನುವುದನ್ನೂ ನೆನಪಿಡಿ.

ಪ್ರಶ್ನೆ (ಕ್ಯಾಬ್ ಚಾಲಕರು): ಸಾರ್, ಬೇಜಾರು ಮಾಡ್ಕೋಬೇಡಿ. ದಿನಕ್ಕೆ 12 ಗಂಟೆ ಸ್ಟೇರಿಂಗ್ ಹಿಡಿಯೋನು ನಾನು. ಇರೋ ರಸ್ತೇನೇ ಸಾಲಲ್ಲ, ಅದನ್ನೂ ಕಿರಿದು ಮಾಡಿದ್ರೆ ನಮ್ಮ ಹೊಟ್ಟೆಪಾಡು ಏನು?

ಉತ್ತರ: ಅಣ್ಣ, ಬೇಜಾರೇನಿಲ್ಲ, ಎಲ್ಲ ಸಭೆಯಲ್ಲೂ ಬರುವ ಪ್ರಶ್ನೆಯೇ ಇದು. ನೀವೇ ಯೋಚಿಸಿ, ದಿನಾ ನೀವು ಸಿಕ್ಕಿಹಾಕಿಕೊಳ್ಳುವುದು ಎಲ್ಲಿ? ಸಿಗ್ನಲ್‌ನಲ್ಲಿ, ಇಲ್ಲವೇ ಮೂರು ಲೇನ್ ಇದ್ದದ್ದು ತಟ್ಟನೆ ಎರಡಾಗುವ ಕಡೆ. ನಡುವೆ ರಸ್ತೆ ಎಷ್ಟು ಅಗಲ ಇದ್ದರೂ ಮುಂದೆ ರಸ್ತೆ ಕಿರಿದಾಗುವ ಕಡೆ ಬಂದು ನಿಲ್ಲಲೇಬೇಕು. ಬೆಂಗಳೂರಿನ ಕೆಲವು ರಸ್ತೆಗಳನ್ನು ಹೊಸದಾಗಿ ವಿನ್ಯಾಸ ಮಾಡಿದ ಟೆಂಡರ್‌ಶೂರ್ ಯೋಜನೆಯಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ವಿಠ್ಠಲ್ ಮಲ್ಯ ರಸ್ತೆಗಳಲ್ಲಿ ಮಾಡಿದ್ದು ಇದನ್ನೇ: ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಕುಗ್ಗುತ್ತಿದ್ದ ರಸ್ತೆಗೆ ಒಂದೇ ಸಮನಾದ ಲೇನ್ ಕೊಟ್ಟು, ಉಳಿದ ಜಾಗವನ್ನು ಫುಟ್‌ಪಾತಿಗೆ ಸೇರಿಸಿದರು. ನೀರು, ಕರೆಂಟು, ಕೇಬಲ್‌ಗಳನ್ನು ಫುಟ್‌ಪಾತ್ ಅಡಿಗೆ ಹಾಕಿದರು. ಲೈನ್ ಕೆಟ್ಟರೆ ಛೇಂಬರ್ ಮುಚ್ಚಳ ತೆಗೆದರಾಯಿತು, ಡಾಂಬರು ಅಗೆಯುವುದು ಬೇಡ. ರಸ್ತೆ ಅಗೆತದಿಂದ ನಿಮ್ಮಷ್ಟು ಕಷ್ಟಪಟ್ಟವರು ಯಾರಿದ್ದಾರೆ ಹೇಳಿ.

ಇನ್ನೊಂದು ಮಾತು. ನಡೆಯಲು ಜಾಗ ಇಲ್ಲದೆ ರಸ್ತೆಗಿಳಿದವರು ನಿಮ್ಮ ಎಡಗನ್ನಡಿ ಪಕ್ಕದಲ್ಲೇ ನಡೆಯುತ್ತಿರುತ್ತಾರೆ. ಯಾರು ಯಾವಾಗ ಅಡ್ಡ ಬರುತ್ತಾರೋ ಅನ್ನುವ ಆತಂಕ ನಿಮಗೇ ಹೆಚ್ಚು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು 32,825, ದ್ವಿಚಕ್ರ ಸವಾರರು 74,897. ಇದು ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕ. ನಾನು ಬೀದಿ ಬದಲಾಗಬೇಕು ಅನ್ನುವುದು ಗಾಡಿ ಓಡಿಸುವವರ ಜೀವಕ್ಕೂ ಸೇರಿಸಿಯೇ.

ಪ್ರಶ್ನೆ (ಸೈಕಲ್‌ನಲ್ಲಿ ಆಫೀಸಿಗೆ ಹೋಗುವವರು): 2020ರಲ್ಲಿ ಔಟರ್ ರಿಂಗ್ ರೋಡ್‌ನಲ್ಲಿ ಸೈಕಲ್ ಲೇನ್ ಮಾಡಿದಾಗ ಎಷ್ಟು ಖುಷಿಪಟ್ಟಿದ್ದೆವು. ಬೈಕ್‌ಗಳು ನುಗ್ಗಿ, ಲೇನ್ ಬೇರ್ಪಡಿಸುವ ಬೊಲಾರ್ಡ್ ಕಂಬ ಮುರಿದು ಎಲ್ಲ ಹಾಳಾಯಿತು. ನಮ್ಮಲ್ಲಿ ಸೈಕಲ್ ಲೇನ್ ಆಗುವುದೇ ಇಲ್ಲವೇ?

ಉತ್ತರ: ಆಗುತ್ತದೆ. ಆ ಲೇನನ್ನು ರಸ್ತೆ ಮಟ್ಟದಲ್ಲೇ ಬಿಟ್ಟು ಕಂಬ ನೆಟ್ಟಿದ್ದರು. ತಾತ್ಕಾಲಿಕ ಪ್ರಯೋಗಕ್ಕೆ ಅಷ್ಟು ಸರಿ, ಆದರೆ ಅದನ್ನೇ ಶಾಶ್ವತ ಅಂದುಕೊಂಡರೆ ಹೀಗೇ ಆಗುವುದು. ದೊಡ್ಡ ರಸ್ತೆಯಲ್ಲಿ ಸೈಕಲ್ ಪಥ ರಸ್ತೆಗಿಂತ ಎತ್ತರದಲ್ಲಿ, ರಸ್ತೆಯ ಅಂಚಿಗೆ ಕೂರಿಸುವ ಕರ್ಬ್ ಕಲ್ಲಿನ ಆಚೆ ಇರಬೇಕು. ಬಸ್ ಸ್ಟಾಪ್ ಬಂದಾಗ ತಂಗುದಾಣದ ಹಿಂದಿನಿಂದ ಸುತ್ತಿ ಹೋಗಬೇಕು. ಜಂಕ್ಷನ್ ಬಂತು ಅಂತ ಪಥ ಅಲ್ಲೇ ಮಾಯವಾಗಬಾರದು. ಸೈಕಲ್ ಸವಾರನಿಗೆ ಹೆಚ್ಚು ಅಪಾಯ ಇರುವುದೇ ಗಾಡಿಗಳು ತಿರುಗುವ ಜಂಕ್ಷನ್‌ನಲ್ಲಿ. ಬಡಾವಣೆಯ ಒಳರಸ್ತೆಗಳಿಗೆ ಬೇರೆ ಪಥವೇ ಬೇಕಿಲ್ಲ. ಅಲ್ಲಿ ಗಾಡಿಗಳ ವೇಗ 30ರೊಳಗೆ ಇಳಿದರೆ ಸಾಕು, ಸೈಕಲ್ ಅದೇ ರಸ್ತೆಯಲ್ಲಿ ಹೋಗಬಹುದು. ನಾರ್ವೆಯ ಓಸ್ಲೋದಲ್ಲಿ 2019ರಲ್ಲಿ ಒಬ್ಬ ಪಾದಚಾರಿಯೂ, ಒಬ್ಬ ಸೈಕಲ್ ಸವಾರನೂ ರಸ್ತೆ ಅಪಘಾತದಲ್ಲಿ ಸಾಯಲಿಲ್ಲ. ವೇಗಮಿತಿ ಇಳಿಸಿದ್ದರು, ನಗರದ ನಡುವಿನ ಪಾರ್ಕಿಂಗ್ ತೆಗೆದು ಸೈಕಲ್ಲಿಗೆ, ನಡೆಯುವವರಿಗೆ ಜಾಗ ಕೊಟ್ಟಿದ್ದರು. ಒಂದೇ ವರ್ಷದಲ್ಲಿ ಆದದ್ದಲ್ಲ ಅದು.

ಪ್ರಶ್ನೆ (ಅಂಗಡಿ ಮಾಲೀಕರು): ಫುಟ್‌ಪಾತ್ ಅಗಲ ಆದ್ರೆ ತಳ್ಳುಗಾಡಿಯವರು ತುಂಬ್ಕೋತಾರೆ, ನಮ್ಮ ಗಿರಾಕಿ ಗಾಡಿ ನಿಲ್ಲಿಸೋದೆಲ್ಲಿ?

ಉತ್ತರ: ಹೂವು, ತರಕಾರಿ ಮಾರುವವರಿಗೆ ನಕ್ಷೆಯಲ್ಲೇ ಜಾಗ ಗುರುತಿಸಬೇಕು, 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ಆ ಹಕ್ಕು ಕೊಟ್ಟಿದೆ. ಅವರ ಜಾಗ ಬಿಟ್ಟು ನಡೆಯಲು ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದೆ ಉಳಿಯಬೇಕು. ಪಾರ್ಕಿಂಗ್ ಗೆರೆ ಹಾಕಿದ ಕಡೆ ಮಾತ್ರ ಇರಲಿ, ಮೂಲೆಯ ಹತ್ತಿರ ಬೇಡವೇ ಬೇಡ. ಮೂಲೆಯಲ್ಲಿ ವ್ಯಾನ್ ನಿಂತರೆ ಅದರ ಹಿಂದಿರುವ ಮಗು ಯಾರಿಗೂ ಕಾಣುವುದಿಲ್ಲ.

ಪ್ರಶ್ನೆ (ಅದೇ ತಾಯಿ): ಸರ್, ನಾವು ಈಗಲೇ ಏನಾದ್ರೂ ಮಾಡಬಹುದಾ?

ಉತ್ತರ: ಮೂಲೆಯಿಂದ ಶುರು ಮಾಡಿ. ಒಂದು ಬಡಾವಣೆಯಲ್ಲಿ ನಾವು ಸಂಚಾರ ಪೊಲೀಸರನ್ನು ಕೇಳಿಕೊಂಡು ಶಾಲೆಯ ತಿರುವಿನಲ್ಲಿ ಬೆಳಗ್ಗೆ 7ಕ್ಕೆ ರಂಗೋಲಿ ಪುಡಿ ಹರಡಿದೆವು. ಒಂದು ಗಂಟೆಯಾದ ಮೇಲೆ ನೋಡಿದರೆ ಟೈರ್ ಗುರುತು ಬಿದ್ದದ್ದು ನಡುವೆ ಮಾತ್ರ. ಮೂಲೆಯಲ್ಲಿ ಒಂದು ಆಟೋ ನಿಲ್ಲುವಷ್ಟು ಜಾಗದಲ್ಲಿ ಪುಡಿ ಹಾಕಿದ ಹಾಗೇ ಬೆಳ್ಳಗಿತ್ತು. ಅಷ್ಟು ಜಾಗ ಯಾವ ಗಾಡಿಗೂ ಬೇಕಿರಲಿಲ್ಲ. ಆ ಬಿಳಿ ಪುಡಿಯ ಅಂಚಿಗೆ ಸರಿಯಾಗಿ ಕೋನ್ ಇಟ್ಟೆವು. ಅಲ್ಲಿಯವರೆಗೆ ಬಾಗಿಕೊಂಡು ನುಗ್ಗುತ್ತಿದ್ದ ಬೈಕುಗಳು ಗೇರ್ ಇಳಿಸಿ ತಿರುಗತೊಡಗಿದವು. ಶಾಲಾ ಬಸ್ಸೂ ಸಲೀಸಾಗಿ ತಿರುಗಿತು. ಮಕ್ಕಳು ಕೋನ್‌ಗಳ ಒಳಬದಿಯಲ್ಲಿ ನಿಂತು ಎರಡೂ ಕಡೆ ನೋಡಿ ದಾಟಿದರು.

ಫುಟ್‌ಪಾತನ್ನೂ ಅಳೆಯಿರಿ. ಕರ್ಬ್ ಎತ್ತರ 15 ಸೆಂಟಿಮೀಟರ್ ಮೀರಬಾರದು. ಒಂದೂವರೆ ಅಡಿ ಎತ್ತರ ಮಾಡಿ, ಪ್ರತಿ ಗೇಟಿಗೂ ಇಳಿಸಿ ಹತ್ತಿಸಿದ್ದರೆ, ಚಪ್ಪಡಿ ಅಲುಗಾಡುತ್ತಿದ್ದರೆ, ಯಾರೂ ಮೇಲೆ ನಡೆಯುವುದಿಲ್ಲ. ಎಲ್ಲದರ ಫೋಟೋ, ಅಳತೆ ಅರ್ಜಿಗೆ ಲಗತ್ತಿಸಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂದಿದೆ, ಅದನ್ನು ಬರೆಯಿರಿ. ಮೋಟಾರು ವಾಹನ ಕಾಯ್ದೆಯ 198ಎ ಸೆಕ್ಷನ್ನೂ ಇದೆ: ವಿನ್ಯಾಸದ ಮಾನದಂಡ ಪಾಲಿಸದೆ ಸಾವು, ಅಂಗವೈಕಲ್ಯ ಸಂಭವಿಸಿದರೆ ಗುತ್ತಿಗೆದಾರ, ಸಲಹೆಗಾರ, ಪ್ರಾಧಿಕಾರಕ್ಕೆ ಒಂದು ಲಕ್ಷದವರೆಗೆ ದಂಡ.

ತಾಯಿ: ತುಂಬಾ ಥ್ಯಾಂಕ್ಸ್ ಸರ್. ಈ ಭಾನುವಾರ ನಾಲ್ಕು ಜನ ಪೇರೆಂಟ್ಸ್ ಟೇಪ್ ಹಿಡ್ಕೊಂಡು ಹೋಗ್ತೀವಿ.

ಉತ್ತರ: ಅಳತೆಗೆ ಭಾನುವಾರ ಸರಿ ಮೇಡಂ. ಪುಡಿ ಮಾತ್ರ ಸೋಮವಾರ ಹಾಕಿ, ಶಾಲೆ ಬಿಡುವ ಹೊತ್ತನ್ನೂ ನೋಡಬೇಕು. ಜಾಗ ಎಲ್ಲಿ ಅಂತ ಕಳಿಸಿ, ನಾನೂ ಬರುತ್ತೇನೆ.