ಹೆಸರು ಮಾಸಿದ ಜೋಡುನಳಿಗೆ ಕೋವಿ ಯಾರದ್ದು? ಕೋವಿ ರಿಪೇರಿಯವರ ಜೊತೆ ಪ್ರಶ್ನೋತ್ತರ

ಕೋವಿ ರಿಪೇರಿ: ಹಳೇ ಜೋಡುನಳಿಗೆ ಯಾರು ಮಾಡಿದ್ದು ಅಂತ ದಿನಾ ಕೇಳ್ತೀರಿ. ಇವತ್ತು ಎಲ್ಲರೂ ಇಲ್ಲೇ ಕೇಳಿ. ಒಳಗೆ ತೋಟಾ ಇಲ್ಲ ಅಂತ ಎರಡು ಸಲ ನೋಡಿ. ಆಮೇಲೆ ಮುಂದಿನ ಮರ ತೆಗೆದು, ನಳಿಗೆ ಕಳಚಿ, ಬುಡದ ಚಪ್ಪಟೆ ಭಾಗದ ಫೋಟೋ ಹಾಕಿ. ಮೇಲಿನ ಹೆಸರನ್ನು ಯಾರು ಬೇಕಾದರೂ ಕೆತ್ತಬಹುದು.

ಅಟ್ಟದ ಧೂಳು: ಸರ್, ಪಕ್ಕದ ತಗಡಿನ ಮೇಲೆ 'ಡಬ್ಲ್ಯೂ. ರಿಚರ್ಡ್ಸ್' ಅಂತಿದೆ. ನಳಿಗೆ ಕೆಳಗೆ ಮೊಟ್ಟೆಯಾಕಾರದ ಗೆರೆಯೊಳಗೆ 'ಇಎಲ್‌ಜಿ', ಮೇಲೊಂದು ಕಿರೀಟ. ಇಂಗ್ಲೆಂಡಿನ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯದ್ದು ಅಲ್ವಾ?

ಕೋವಿ ರಿಪೇರಿ: ಅಲ್ಲ. ಇಎಲ್‌ಜಿ ಬೆಲ್ಜಿಯಂನ ಲಿಯೇಜ್ ಊರಿನ ಪರೀಕ್ಷಾ ಮುದ್ರೆ, ಅಂದ್ರೆ ನಳಿಗೆ ಗಟ್ಟಿ ಇದೆಯಾ ಅಂತ ಪರೀಕ್ಷಿಸಿ ಹೊಡೆಯೋ ಗುರುತು. ಕಿರೀಟ ಸೇರಿದ್ದು 1893ರಲ್ಲಿ, ಹಾಗಾಗಿ ನಿಮ್ಮದು ಅದಕ್ಕಿಂತ ಹಳೆಯದಲ್ಲ. ಇಂಗ್ಲಿಷ್ ಹೆಸರಿದ್ದರೆ ಬೇಗ ಮಾರಾಟವಾಗುತ್ತೆ ಅಂತ ಹೀಗೆ ಕೆತ್ತಿದ ಕೋವಿಗಳು ಬೇಕಾದಷ್ಟಿವೆ.

ಸಂಜೆ ಬಸ್ಸು: ಎರಡು ನಳಿಗೆ ನಡುವಿನ ಪಟ್ಟಿ ಮೇಲೆ 'ಲ್ಯಾಮಿನೇಟೆಡ್ ಸ್ಟೀಲ್' ಅಂತ ಬರೆದಿದೆ. ಇದು ಯಾವ ದೇಶದ ಕಂಪನಿ?

ಕೋವಿ ರಿಪೇರಿ: ಕಂಪನಿ ಅಲ್ಲ, ನಳಿಗೆಯ ಲೋಹದ ಬಗೆ. ಕ್ರುಪ್, ವಿಟ್ವರ್ತ್ ಅಂತಿದ್ದರೂ ಅಷ್ಟೇ. ಅದು ಉಕ್ಕಿನ ಹೆಸರು, ಕೋವಿ ಮಾಡಿದವರದ್ದಲ್ಲ.

ಮೂರನೇ ಮೊಮ್ಮಗ: ಸರ್, ನನ್ನದರಲ್ಲಿ ಹೆಸರೇ ಇಲ್ಲ. ಯಾರೋ ಚೆನ್ನಾಗಿ ಉಜ್ಜಿದ್ದಾರೆ. ಹೊರಗೆ ಎರಡು ಹ್ಯಾಮರ್. ಬುಡದಲ್ಲಿ ಕಿರೀಟ, ಕೆಳಗೆ ಅಡ್ಡಡ್ಡ ಇಟ್ಟ ಎರಡು ರಾಜದಂಡ, ಸುತ್ತ ಬಿ, ಪಿ, ಸಿ. ಪಕ್ಕದಲ್ಲಿ '13ಬಿ', '14ಎಂ', 'ನಾಟ್ ಫಾರ್ ಬಾಲ್'. ಹ್ಯಾಮರ್ ಬಡಿಸುವ ಲಾಕ್ ಒಳಗೆ 'ಬ್ರೇಜಿಯರ್'. ಪಟ್ಟಿಯ ಬುಡದಲ್ಲಿ ಚಿನ್ನದ ಬಣ್ಣದ '2'. ನಳಿಗೆ 26 ಇಂಚು. ಬಾಯಿ ಹತ್ತಿರ ವರ್ನಿಯರ್ ಇಟ್ಟೆ, 18.8 ಮಿ.ಮೀ. ಬಂತು. ಯಾರದ್ದಿರಬಹುದು? ಹಬ್ಬಕ್ಕೆ ಒಂದೆರಡು ಗುಂಡು ಹಾರಿಸುವ ಆಸೆಯೂ ಇದೆ.

ಕೋವಿ ರಿಪೇರಿ: ಹಾರಿಸಬೇಡಿ. ಯಾಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ಕೋವಿಯ ಕಥೆ.

ಆ ಕಿರೀಟ, ರಾಜದಂಡ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನದು, ಅಂದ್ರೆ ಅಲ್ಲಿನ ಕೋವಿ ಪರೀಕ್ಷಾಲಯದ್ದು. 'ನಾಟ್ ಫಾರ್ ಬಾಲ್' ಹೊಡೆದದ್ದು 1875ರಿಂದ 1887ರ ನಡುವೆ. ಬಾಯಿ ಬಿಗಿ ಮಾಡಿದ, ಅಂದ್ರೆ ಚೋಕ್ ಇರುವ ನಳಿಗೆಗೆ ಒಂಟಿ ಗುಂಡು ಹಾಕಬೇಡಿ ಅನ್ನೋ ಎಚ್ಚರಿಕೆ ಅದು. ಹಾಗಾಗಿ ವಯಸ್ಸು ಸಿಕ್ಕಿತು. ಬ್ರೇಜಿಯರ್ ವುಲ್ವರ್‌ಹ್ಯಾಂಪ್ಟನ್ನಿನ ಲಾಕ್ ಮಾಡುತ್ತಿದ್ದವರು. ಒಳ್ಳೊಳ್ಳೆ ತಯಾರಕರು ಅವರಿಂದ ತರಿಸ್ತಿದ್ದರು. ಅಗ್ಗದ ಕೋವಿಗೆ ಆ ಲಾಕ್ ಯಾರೂ ಹಾಕ್ತಿರಲಿಲ್ಲ. ಇನ್ನು ಆ ಚಿನ್ನದ 2 ನೋಡಿ ನಾನು ಕನ್ನಡಕ ಒರೆಸಿಕೊಂಡೆ. ಜೊತೆಯಾಗಿ ಮಾಡಿಸಿದ ಎರಡು ಕೋವಿಯಲ್ಲಿ ಇದು ಎರಡನೆಯದು. ಒಂದನೆಯದು ಎಲ್ಲೋ ಇದೆ, ಅಥವಾ ಇತ್ತು. ಟ್ರಿಗರ್ ಗಾರ್ಡಿನ ಬಾಲದ ಮೇಲಿನ ನಂಬರ್, ನಳಿಗೆಯ ನಂಬರ್, ಮುಂದಿನ ಮರದ ಕಬ್ಬಿಣದ ನಂಬರ್ ಮೂರೂ ಒಂದೇನಾ ನೋಡಿ. ಲಂಡನ್ನಿನ ತಯಾರಕರಾದ ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್‌ನಂಥವರ ಹಳೇ ಖಾತೆ ಪುಸ್ತಕ ಇವತ್ತಿಗೂ ಇವೆ, ನಂಬರ್ ಅದರಲ್ಲಿ ಹುಡುಕಬಹುದು. ಆದರೆ ಯಾರ ಪುಸ್ತಕ ತೆಗೆಸಬೇಕು ಅಂತ ಗೊತ್ತಾಗಬೇಕಲ್ಲ. ಬರ್ಮಿಂಗ್‌ಹ್ಯಾಮ್ ಮುದ್ರೆ ಇದ್ದ ಮಾತ್ರಕ್ಕೆ ಅಂಗಡಿಯೂ ಅಲ್ಲಿಯದೇ ಆಗಬೇಕಿಲ್ಲ. ಬೇರೆ ಊರಿನ ಅಂಗಡಿಗಳೂ ಅಲ್ಲಿ ಮಾಡಿಸಿ ತಮ್ಮ ಹೆಸರು ಹಾಕ್ತಿದ್ದವು.

ಈಗ ಭಯದ ವಿಷಯ. ಆ '13ಬಿ' ನಳಿಗೆ ಒಳಗಿನ ಅಳತೆ, '14ಎಂ' ಬಾಯಿಯ ಅಳತೆ. ಲೆಕ್ಕ ಸೀಸದ ಗುಂಡಿನದು. ಒಂದು ಪೌಂಡ್ ಸೀಸದಲ್ಲಿ 13 ಸಮ ಗುಂಡು ಮಾಡಿದರೆ ಒಂದು ಗುಂಡಿನ ಅಗಲ ಸುಮಾರು 18 ಮಿ.ಮೀ. 12 ಮಾಡಿದರೆ 18.5. ನಿಮ್ಮ ನಳಿಗೆ ಪರೀಕ್ಷೆಯ ದಿನ 13 ಇತ್ತು, ಅಂದ್ರೆ 18.5 ದಾಟಿರಲಿಲ್ಲ. ಬಾಯಿ 14, ಅಂದ್ರೆ 17.6ರ ಆಸುಪಾಸು. ಈಗ ಬಾಯಲ್ಲೇ 18.8! ತುದಿ ಕತ್ತರಿಸಿ ಚೋಕ್ ಹೋಗಿದೆ ಅಂತಿಟ್ಟುಕೊಂಡರೂ 18.5ರ ಒಳಗೇ ಬರಬೇಕಿತ್ತು. ಯಾರೋ ಒಳಗೆ ಕೊರೆದಿದ್ದಾರೆ. ಹೊರಗೂ ಉಜ್ಜಿದ್ದಾರೆ ಅಂತ ನೀವೇ ಹೇಳ್ತಿದ್ದೀರಿ. ಗೋಡೆ ಎರಡೂ ಕಡೆಯಿಂದ ತೆಳುವಾಗಿದೆ. ಆ ಮುದ್ರೆ ಈಗ ಈ ನಳಿಗೆಗೆ ಲೆಕ್ಕಕ್ಕಿಲ್ಲ. ಬಾಯಿ ಕಡೆಯಿಂದ ನೋಡಿ, ಎರಡು ನಳಿಗೆ ನಡುವೆ ಬೆಸುಗೆ ತುಂಬಿದ ಸಂದು ಇದೆಯಾ ಹೇಳಿ. ಇದ್ದರೆ ತುದಿ ಕತ್ತರಿಸಿದ್ದಾರೆ ಅಂತ.

ಎಲ್ಲಾ ಬಲ್ಲೆ: ಫಾರ್ವರ್ಡ್ ಬಂದಿದ್ದು: ಮಾಸಿದ ಹೆಸರು ಕಾಣಬೇಕಾದರೆ ಬ್ಯಾಟರಿ ಆಸಿಡ್ 10 ನಿಮಿಷ ಹಚ್ಚಿ, ಮರಳು ಕಾಗದದಲ್ಲಿ ಉಜ್ಜಿ. 100% ಕೆಲಸ ಮಾಡುತ್ತೆ 🙏

ಕೋವಿ ರಿಪೇರಿ: ದಯವಿಟ್ಟು ಯಾರೂ ಮಾಡಬೇಡಿ. ಉಳಿದ ಅರ್ಧ ಅಕ್ಷರವೂ ಹೋಗುತ್ತೆ, ಜೊತೆಗೆ ಬೆರಳಿನ ಚರ್ಮ. ಕತ್ತಲೆ ಕೋಣೆಯಲ್ಲಿ ಟಾರ್ಚ್ ಪಕ್ಕಕ್ಕೆ ಮಲಗಿಸಿ ಬೆಳಕು ಬಿಡಿ. ಗೀರು ಎದ್ದು ಕಾಣುತ್ತೆ. ಅಷ್ಟು ಸಾಕು.

ಎಲ್ಲಾ ಬಲ್ಲೆ: ನಮ್ಮ ಮಾವನಿಗೆ ಕಂಡಿತ್ತು ಸರ್.

ಕೋವಿ ರಿಪೇರಿ: ಸಂತೋಷ.

ಹಳೇ ಲಾಂದ್ರ: ನನ್ನ ನಳಿಗೆ ಮೇಲೆ ಅಲೆ ಅಲೆ ಗೆರೆ ಇದೆ. ಡಮಾಸ್ಕಸ್. ಸಿರಿಯಾದಲ್ಲಿ ಮಾಡಿದ್ದು.

ಸಂಜೆ ಬಸ್ಸು: ಸಿರಿಯಾ ಎಲ್ಲಿಂದ ಬಂತು? ಕಬ್ಬಿಣ, ಉಕ್ಕಿನ ಪಟ್ಟಿ ಹುರಿ ಮಾಡಿ ಸುತ್ತಿ ಬಡಿದಿದ್ದು. ಲಿಯೇಜಿನಲ್ಲೇ ರಾಶಿಗಟ್ಟಲೆ ಆಗ್ತಿತ್ತು.

ಹಳೇ ಲಾಂದ್ರ: ಹೆಸರಲ್ಲೇ ಊರಿದೆಯಲ್ಲ ಸ್ವಾಮಿ.

ಸಂಜೆ ಬಸ್ಸು: ಮೈಸೂರ್ ಪಾಕ್ ಎಲ್ಲಾ ಮೈಸೂರಲ್ಲೇ ಮಾಡ್ತಾರಾ?

ಹಳೇ ಲಾಂದ್ರ: ಸ್ವಲ್ಪ ಹೊತ್ತಿನ ಮುಂಚೆ ಉಕ್ಕನ್ನು ಕಂಪನಿ ಅಂದವರು ನೀವೇ. ನೀವು ನನಗೆ ಪಾಠ ಹೇಳಬೇಡಿ.

ಕೋವಿ ರಿಪೇರಿ: ಬಸ್ಸಿನವರು ಹೇಳಿದ್ದು ಸರಿ. ಆ ಗೆರೆ ಬರೀ ಬಣ್ಣದ್ದೂ ಇರಬಹುದು, ಅಗ್ಗದ ಕೋವಿಗೆ ಹಾಗೆ ಮಾಡ್ತಿದ್ದರು. ಈ ಜಗಳ ಬೇರೆ ಕಡೆ ಮಾಡಿ.

ಹೊಸಬ: ನನ್ನದು ಜೋಸೆಫ್ ಮ್ಯಾಂಟನ್. ಹ್ಯಾಮರ್ ಹೊರಗೆ ಇಲ್ಲ, ಒಳಗೇ ಇದೆ. ಎಷ್ಟಕ್ಕೆ ಹೋಗುತ್ತೆ?

ಕೋವಿ ರಿಪೇರಿ: ಲಂಡನ್ನಿನ ಕೋವಿ ತಯಾರಕ ಜೋಸೆಫ್ ಮ್ಯಾಂಟನ್ ತೀರಿಕೊಂಡಿದ್ದು 1835ರಲ್ಲಿ. ಹ್ಯಾಮರ್ ಒಳಗಿಟ್ಟ ಆನ್ಸನ್ ಡೀಲಿ ಆಕ್ಷನ್ ಬಂದಿದ್ದು 1875ರಲ್ಲಿ. ನೀವೇ ಲೆಕ್ಕ ಹಾಕಿ.

ಹೊಸಬ: ರೇಟ್ ಹೇಳಿಲ್ಲ ಸರ್?

ತೋಟದ ದಾರಿ: ಇಎಲ್‌ಜಿ ಅಂತಿದೆ, ಯಾವ ಕಂಪನಿ?

ಕೋವಿ ರಿಪೇರಿ: ಮೇಲೆ ಓದಿ.

ತೋಟದ ದಾರಿ: ತುಂಬಾ ಉದ್ದ ಇದೆ ಸರ್, ಸುಮ್ನೆ ಒಂದು ಲೈನ್‌ನಲ್ಲಿ ಹೇಳಿ.

ಮೂರನೇ ಮೊಮ್ಮಗ: ಸರ್, ಬಾಯಲ್ಲಿ ನೋಡಿದೆ. ನಳಿಗೆ ಎರಡೂ ಮುಟ್ಟಿಕೊಂಡಿಲ್ಲ, ನಡುವೆ ಸೀಸದಂಥದ್ದು ತುಂಬಿದೆ. ಟ್ರಿಗರ್ ಗಾರ್ಡ್, ಮುಂದಿನ ಮರ ಎರಡರ ನಂಬರ್ ಒಂದೇ. ನಳಿಗೆದು ಬೇರೆ. ನಂಬರ್ ಪೂರ್ತಿ ಕಾಣಲಿ ಅಂತ ಗಾರ್ಡ್ ಬಿಚ್ಚೋಕೆ ಹೋದೆ, ಸ್ಕ್ರೂ ತಿರುಗ್ತಿಲ್ಲ.

ಕೋವಿ ರಿಪೇರಿ: ಬಿಚ್ಚಬೇಡಿ! ಆ ಸ್ಕ್ರೂ ತಲೆಯ ಗೀರು ಕೂದಲೆಳೆಯಷ್ಟು ಸಣ್ಣ. ಮನೆಯ ಸ್ಕ್ರೂಡ್ರೈವರ್ ಒಂದು ಸಲ ಜಾರಿದರೆ ಮುಗೀತು. ನಳಿಗೆ ನಂಬರ್ ಬೇರೆ ಅಂದ್ರೆ, ಅದನ್ನು ಬೇರೆ ಕೋವಿಯಿಂದ ತಂದು ಕೂರಿಸಿರಬಹುದು. ಹಾಗಿದ್ದರೆ ನಾನು ಮೇಲೆ ಹೇಳಿದ ವರ್ಷ ನಳಿಗೆಯದು ಮಾತ್ರ. ಮೇಲಿನ ಲಿವರ್ ಮೇಲೂ 2 ಇದೆಯಾ, ಇಲ್ಲ ಪಟ್ಟಿ ಮೇಲೆ ಮಾತ್ರಾನಾ? ಅದೊಂದು ಫೋಟೋ ಹಾಕಿ. ರಾತ್ರಿ ನೋಡ್ತೀನಿ.

ಹೊಸಬ: ರೇಟ್ ಸರ್?