ಫಳಫಳ ಹೊಳೆಯುವ ಕೋವಿ, ಹೊಡೆಯದ ಎಡ ನಳಿಗೆ

ಪ್ರಶ್ನೆ (ಕಾಫಿ ಬೆಳೆಗಾರ, ವಿರಾಜಪೇಟೆ ಕಡೆ)

ನಮಸ್ಕಾರ ಸರ್. ನಮ್ಮ ಮನೆಯಲ್ಲಿ ತಾತನ ಕಾಲದ ಜೋಡಿ ನಳಿಗೆ ಕೋವಿ ಇದೆ. 12 ಬೋರ್, ಬರ್ಮಿಂಗ್‌ಹ್ಯಾಮಿನದು. ಎಡ ನಳಿಗೆ ನಾಲ್ಕಕ್ಕೆ ಎರಡು ಸಲ ಹೊಡೆಯುತ್ತಿರಲಿಲ್ಲ. ಕೈಲ್‌ಪೊಳ್ದ್‌ಗೆ (ಸೆಪ್ಟೆಂಬರಿನಲ್ಲಿ ಬರುವ ನಮ್ಮ ಕೊಡವರ ಆಯುಧ ಪೂಜೆ ಹಬ್ಬ) ಹತ್ತು ದಿನ ಇದೆ ಅನ್ನುವಾಗ ಒಬ್ಬ ರಿಪೇರಿಯವರಿಗೆ ಕೊಟ್ಟೆ. ವಾಪಸ್ ಬಂದಾಗ ಹೊಸ ಕೋವಿ ಥರ ಫಳಫಳ ಅನ್ನುತ್ತಿತ್ತು. ಮನೆಯವರಿಗೆಲ್ಲ ಖುಷಿ. ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಇಟ್ಟರೆ ಎಡ ನಳಿಗೆ ಟಿಕ್ ಅಂತು, ಅಷ್ಟೇ. ಬಲದ್ದು ಸರಿಯಾಗಿದೆ. ಈಗ ಕೋವಿ ಮುಚ್ಚಿದರೂ ಸ್ವಲ್ಪ ಅಲ್ಲಾಡುತ್ತದೆ, ಮೊದಲು ಹಾಗಿರಲಿಲ್ಲ. ನಳಿಗೆ ಮೇಲಿದ್ದ ನಂಬರೂ ಮಸುಕಾಗಿದೆ. ಕೇಳಿದರೆ 'ಹಳೆ ಕೋವಿ ಅಲ್ವಾ, ಹಾಗೇ' ಅಂದರು. ಇದು ಮೋಸವಾ, ನಿಜವಾಗಿ ಹಾಗೇನಾ?

ಉತ್ತರ (ಲೈಸೆನ್ಸ್ ಇರುವ ಕೋವಿ ರಿಪೇರಿಯವರು)

ಮೋಸ ಅಂತ ಇಲ್ಲಿ ಕೂತು ನಾನು ಹೇಳಲಾರೆ. ನೀವು ಕೊಟ್ಟದ್ದು ಟಿಕ್ ಅನ್ನೋ ಕಾಯಿಲೆಗೆ. ಅವರು ಮಾಡಿದ್ದು ಮುಖಕ್ಕೆ ಪೌಡರ್.

ಮೊದಲು ನಂಬರಿನ ವಿಷಯ. ನನಗೆ ಜಾಸ್ತಿ ಚಿಂತೆ ಅದೇ. ಪಾಲಿಶ್ ಚಕ್ರಕ್ಕೆ ಕೊಟ್ಟು ಉಜ್ಜಿದರೆ ಕೆತ್ತಿದ ಅಕ್ಷರ ಸವೆಯುತ್ತದೆ. ಗುರುತಿನ ನಂಬರ್ ಅಳಿಸುವುದು 1959ರ ಆಯುಧ ಕಾಯ್ದೆ ಪ್ರಕಾರ ತಪ್ಪು. ಇವತ್ತೇ ಹತ್ತಿರದಿಂದ ಫೋಟೋ ತೆಗೆದು, ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಟ್ಟ ನಿಮ್ಮ ವಿನಾಯಿತಿ ಪತ್ರದಲ್ಲಿರುವ ನಂಬರ್ ಜೊತೆ ಹೋಲಿಸಿ ನೋಡಿ. ಓದಲು ಆಗುತ್ತಿಲ್ಲ ಅಂದರೆ ಪತ್ರ ಕೊಟ್ಟ ಕಚೇರಿಗೆ ನೀವೇ ಹೋಗಿ ಬರವಣಿಗೆಯಲ್ಲಿ ತಿಳಿಸಿ. ಯಾರೋ ಕೇಳುವವರೆಗೆ ಕಾಯಬೇಡಿ.

ಇನ್ನು ಅಲ್ಲಾಡುವುದು. ಎರಡೂ ನಳಿಗೆ ಖಾಲಿ ಇದೆ ಅಂತ ಕಣ್ಣಾರೆ ನೋಡಿಕೊಳ್ಳಿ. ನಳಿಗೆ ಕೆಳಗಿನ ಮುಂದಿನ ಮರದ ತುಂಡು ಬಿಚ್ಚಿ. ಆ ಮರ ಕೋವಿಯನ್ನು ಒತ್ತಿ ಹಿಡಿದಿರುತ್ತದೆ, ಸಡಿಲ ಇದ್ದರೂ ಗೊತ್ತಾಗುವುದಿಲ್ಲ. ಈಗ ಕೋವಿ ಮುಚ್ಚಿ ಕಿಟಕಿ ಕಡೆ ಹಿಡಿದು ನಳಿಗೆ ಹಿಂಬದಿಯ ಸಂದಿಯಲ್ಲಿ ನೋಡಿ. ಬೆಳಕಿನ ಗೆರೆ ಕಂಡರೆ ಹಿಂಜಿನ ಪಿನ್ ಸವೆದಿದೆ. ಅಂಥ ಕೋವಿಯಲ್ಲಿ ಒಂದು ಈಡೂ ಹೊಡೆಯಬೇಡಿ.

ಟಿಕ್ ಅಂದ ತೋಟಾ ಇಟ್ಟುಕೊಂಡಿದ್ದೀರಾ? ಅದರ ಹಿಂಬದಿಯ ಕೇಪಿನ (ಪಿನ್ ಬಡಿದು ಕಿಡಿ ಹುಟ್ಟುವ ಬಿಲ್ಲೆ) ಫೋಟೋ ಹಾಕಿ.

ಪ್ರಶ್ನೆ ಕೇಳಿದವರು

ಇದೆ ಸರ್. ಫೋಟೋ ಹಾಕಿದ್ದೇನೆ. ಬಲ ನಳಿಗೆಯಲ್ಲಿ ಹೊಡೆದದ್ದು ಪಕ್ಕದಲ್ಲಿದೆ.

ಉತ್ತರ

ಬಲದ್ದರ ಕೇಪಿನಲ್ಲಿ ಗುಂಡಿ ಆಳವಾಗಿದೆ, ದುಂಡಗಿದೆ. ಎಡದ್ದರಲ್ಲಿ ಉಗುರು ತಾಗಿದಷ್ಟೇ ಗುರುತು, ಅದೂ ಸರಿಯಾಗಿ ನಡುವೆ. ನಡುವೆ ಬಿದ್ದಿದೆ ಅಂದರೆ ಕೇಪಿಗೆ ಬಡಿಯುವ ಪಿನ್ ನೇರ ಇದೆ, ಪೆಟ್ಟಿನಲ್ಲಿ ಜೋರಿಲ್ಲ. ಸ್ಪ್ರಿಂಗ್ ದಣಿದಿದೆ, ಇಲ್ಲ ಪಿನ್ನಿನ ತುದಿ ಸವೆದಿದೆ, ಇಲ್ಲ ಒಳಗೆ ಹಳೆ ಎಣ್ಣೆ ಅಂಟಾಗಿದೆ. ನಿಮ್ಮ ಕಡೆ ಮೂರನೆಯದೇ ಜಾಸ್ತಿ. ನಾಟಿ ಶುರುವಾದಾಗ ಕನ್ನಿ ಕೊಂಬರೆಯಲ್ಲಿ (ಮನೆಯ ಪೂಜೆ ಕೋಣೆ) ಇಟ್ಟ ಕೋವಿ ಸೆಪ್ಟೆಂಬರಿನಲ್ಲೇ ಹೊರಗೆ ಬರುವುದು. ಅಷ್ಟು ದಿನದ ಮಳೆ ಶೀತ, ಮೇಲೆ ಸುರಿದ ತೆಂಗಿನೆಣ್ಣೆ. ಒಳಗೆ ಬೆಲ್ಲದ ಪಾಕ ಆಗಿರುತ್ತದೆ. ಬಿಚ್ಚಿ ತೊಳೆದಿದ್ದರೆ ಅರ್ಧ ದಿನದ ಕೆಲಸ.

ಹಾಗೇ ಒಂದು ಮಾತು. ಟಿಕ್ ಅಂದ ಕೂಡಲೇ ಕೋವಿ ಬಿಚ್ಚಬೇಡಿ. ಬಾಯಿ ಖಾಲಿ ಜಾಗದ ಕಡೆ ಇಟ್ಟು ಒಂದು ನಿಮಿಷ ಕಾಯಿರಿ, ತಡವಾಗಿ ಹೊಡೆಯುವುದೂ ಉಂಟು.

ಸಕಲೇಶಪುರದಿಂದ ಒಬ್ಬರು

ನನ್ನದು ಬೆಳೆ ರಕ್ಷಣೆ ಲೈಸೆನ್ಸಿನ ಒಂಟಿ ನಳಿಗೆ. ಚುನಾವಣೆಗೆ ಅಂತ ಒಪ್ಪಿಸಿದ್ದು ವಾಪಸ್ ಬರುವಷ್ಟರಲ್ಲಿ ನಳಿಗೆ ಒಳಗೆ ತುಕ್ಕಿನ ಚುಕ್ಕೆ. ತೊಗಲಿನ ಚೀಲ ಸಮೇತ ಕೊಟ್ಟಿದ್ದು ನನ್ನದೇ ತಪ್ಪು, ತೊಗಲು ನೀರು ಹೀರಿಕೊಂಡು ಕೂತಿತ್ತು. ರಿಪೇರಿಯವರು ಉಜ್ಜಿ ಕೊಟ್ಟರು. ನಂಬರ್ ಬರೆದ ರಸೀದಿ ಕೊಟ್ಟರು, ಪುಸ್ತಕದಲ್ಲಿ ನನ್ನ ಸಹಿ ತೆಗೆದುಕೊಂಡರು. ತೆಗೆದ ಹಳೆ ಪಿನ್ನನ್ನೂ ಪೊಟ್ಟಣ ಕಟ್ಟಿ ಕೈಗಿಟ್ಟರು. ಆ ಪೊಟ್ಟಣ ನೋಡಿಯೇ ನನಗೆ ನಂಬಿಕೆ ಬಂದದ್ದು.

ಮಡಿಕೇರಿಯ ಹಿರಿಯರು

ನನ್ನ ಕೋವಿಯನ್ನು ಒಬ್ಬರು ಮುಟ್ಟಲೇ ಇಲ್ಲ ಮಾರಾಯ. ನಳಿಗೆ ಮೇಲೆ ಹಾವಿನ ಚರ್ಮದಂಥ ಗೆರೆ ಇತ್ತು. 'ಇದು ಕಬ್ಬಿಣದ ಪಟ್ಟಿ ಹೆಣೆದು ಸುತ್ತಿ ಮಾಡಿದ ಡಮಾಸ್ಕಸ್ ನಳಿಗೆ, ಕರಿ ಮದ್ದಿನ ಕಾಲದ್ದು, ಈಗಿನ ತೋಟಾ ಹಾಕಬೇಡಿ, ಗೋಡೆಗೆ ಹಾಕಿ' ಅಂದು ಒಂದು ರೂಪಾಯಿ ತೆಗೆದುಕೊಳ್ಳದೆ ಕಳಿಸಿದರು. ಅವತ್ತು ಸಿಟ್ಟು ಬಂದಿತ್ತು. ಈಗ ಹಬ್ಬಕ್ಕೆ ಅದಕ್ಕೆ ಪೂಜೆ, ಹೊಡೆಯಲು ಬೇರೆ.

ಉತ್ತರ

ಹಿರಿಯರು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಪ್ರಶ್ನೆ ಕೇಳಿದವರ ಕೋವಿಯೂ ಹಳೆ ಇಂಗ್ಲಿಷ್ ಕೋವಿ. ಅಂಥ ಎಷ್ಟೋ ಕೋವಿಗಳ ತೋಟಾ ಕೂರುವ ಜಾಗ ಎರಡೂವರೆ ಇಂಚು, ಅಂದರೆ 65 ಮಿ.ಮೀ. ಅಂಗಡಿಯಲ್ಲಿ 70 ಮಿ.ಮೀ. ತೋಟಾನೂ ಸಿಗುತ್ತದೆ. ಅದೂ ಆರಾಮಾಗಿ ಒಳಗೆ ಹೋಗುತ್ತದೆ, ಏಕೆಂದರೆ 70 ಅನ್ನುವುದು ಹೊಡೆದು ಬಾಯಿ ಬಿಚ್ಚಿದ ಮೇಲಿನ ಉದ್ದ. ಬಿಚ್ಚಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ಹಿಂಜ್ ಸಡಿಲವಾಗುವುದಕ್ಕೆ ಅದೂ ಒಂದು ಕಾರಣ ಆಗಬಹುದು. ಯಾವ ತೋಟಾ ಹಾಕುತ್ತಿದ್ದಿರಿ, ಡಬ್ಬ ನೋಡಿ.

ಪ್ರಶ್ನೆ ಕೇಳಿದವರು

ಡಬ್ಬದಲ್ಲಿ 70 ಅಂತಲೇ ಇದೆ ಸರ್. ಮೂರು ವರ್ಷದಿಂದ ಅದೇ. ಸಂದಿಯಲ್ಲಿ ಬೆಳಕೂ ಕಾಣುತ್ತಿದೆ. ರಿಪೇರಿಯವರಿಗೆ ಫೋನ್ ಮಾಡಿದೆ, 'ತನ್ನಿ, ಎರಡು ಏಟು ಹಾಕಿ ಬಿಗಿ ಮಾಡಿ ಕೊಡ್ತೀನಿ' ಅಂದರು.

ಉತ್ತರ

ಕೊಡಬೇಡಿ. ಸುತ್ತಿಗೆಯಲ್ಲಿ ಹೊಡೆದು ಲೋಹ ಹರಡಿಸಿದರೆ ಒಂದು ತಿಂಗಳು ಬಿಗಿ ಇರುತ್ತದೆ, ಆಮೇಲೆ ಮೊದಲಿಗಿಂತ ಸಡಿಲ. ಅಳತೆ ನೋಡಿ ಹಿಂಜಿಗೆ ದಪ್ಪ ಪಿನ್ ಕೂರಿಸಬೇಕು, ತೋಟಾ ಕೂರುವ ಜಾಗವನ್ನೂ ಅಳೆಯಬೇಕು. ನಳಿಗೆ ಕತ್ತರಿಸಿ ಗಿಡ್ಡ ಮಾಡಿಕೊಡುತ್ತೇನೆ ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ, ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು. ನಿಮಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ ಅಂತ ವಿನಾಯಿತಿ ಇರಬಹುದು, ರಿಪೇರಿ ಮಾಡುವವನಿಗೆ ಇಲ್ಲ. ಅವರ ಲೈಸೆನ್ಸ್ ತೋರಿಸಿ ಅಂತ ಕೇಳಿ, ಸಂಕೋಚ ಬೇಡ.

ಪ್ರಶ್ನೆ ಕೇಳಿದವರು

ನಿಮ್ಮ ಹತ್ತಿರವೇ ತರಲಾ ಸರ್? ಮುಂದಿನ ಪೊಳ್ದ್‌ಗೆ ಆದರೆ ಸಾಕು.

ಉತ್ತರ

ನಂಬರಿನ ವಿಷಯ ಕಚೇರಿಯಲ್ಲಿ ಮುಗಿಸಿ, ಆ ಕಾಗದ ಹಿಡಿದು ಜನವರಿಯಲ್ಲಿ ಬನ್ನಿ. ಆಗಸ್ಟಿನಲ್ಲಿ ಬಂದರೆ ನಾನೂ ಪಾಲಿಶ್ ಮಾಡಿ ಕೊಡಬೇಕಾಗುತ್ತದೆ.